ಕಂಪ್ಯೂಟರಿನ ಕುಂಕುಮ

ಆಯುಧಪೂಜೆ ಮುಗಿದಂದಿನಿಂದ ಅಜ್ಜಪ್ಪನವರ ಜೆರಾಕ್ಸ್ ಅಂಗಡಿಯ ಕಂಪ್ಯೂಟರ್, ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಆಫ್ ಆಗತೊಡಗಿತು. ಗಿರಾಕಿಗಳು ತಂದ ಪೆನ್‌ಡ್ರೈವ್‌ಗಳೆಲ್ಲ ವೈರಸ್ಸಿನ ಅಪವಾದ ಹೊತ್ತು ವಾಪಸು ಹೋದವು. ಕೊನೆಗೆ ಅಜ್ಜಪ್ಪ ಹೊಚ್ಚ ಹೊಸದನ್ನೇ ಚುಚ್ಚಿದರು. ಕಂಪ್ಯೂಟರ್ ಆಗಲೂ ಆಫ್.

ಮತ್ತೆ ಆನ್ ಆದದ್ದೇ ಅದು ಗೊಣಗಿತು: "ಬರುವವರೆಲ್ಲ ರೋಗ ಹೊತ್ತೇ ಬರುತ್ತಾರೆ!"

ಪೆನ್‌ಡ್ರೈವ್ ಹೇಳಿತು: "ಸ್ವಾಮಿ, ನಾನು ಈಗಷ್ಟೇ ಪ್ಯಾಕೆಟ್ಟಿನಿಂದ ಹೊರಬಂದವನು. ನನ್ನೊಳಗೆ ಒಂದು ಫೈಲೂ ಇಲ್ಲ, ರೋಗ ಎಲ್ಲಿಂದ ಬರಬೇಕು? ಪೂಜೆಯ ಕುಂಕುಮ ತಮ್ಮ ಯುಎಸ್‌ಬಿ ಕಿಂಡಿಯೊಳಗೇ ಮೆತ್ತಿಕೊಂಡಿದೆ. ನಮ್ಮನ್ನು ಚುಚ್ಚಿದಾಗ ಅದರಿಂದಲೇ ಶಾರ್ಟ್ ಆಗುತ್ತಿದೆ. ಒಮ್ಮೆ ಸ್ವಚ್ಛ ಮಾಡಿಸಿಕೊಳ್ಳಿ."

"ಛೀ, ಅಪಚಾರ! ಯಜಮಾನರು ಭಕ್ತಿಯಿಂದ ಹಚ್ಚಿದ್ದನ್ನು ಒರೆಸುವುದೇ? ಈ ಅಂಗಡಿಯಲ್ಲಿ ಹಾರ ಹಾಕಿಸಿಕೊಂಡವನು ನಾನೊಬ್ಬನೇ. ನಿನಗೇನು ಗೊತ್ತು ಮರ್ಯಾದೆ!"

ಗಿರಾಕಿಗಳು ಎದುರಂಗಡಿಯ ದಾರಿ ಹಿಡಿದರು. ಯಾರದೋ ಕಣ್ಣು ಬಿದ್ದಿದೆ ಎಂದುಕೊಂಡ ಅಜ್ಜಪ್ಪ ಇನ್ನೊಂದು ಪೂಜೆ ಮಾಡಿದರು. ಹೊಸ ಹಾರ ಹಾಕಿ, ಕುಂಕುಮವನ್ನು ನೀರಿನಲ್ಲಿ ಕಲಸಿ ಮೊದಲಿಗಿಂತ ದಪ್ಪಗೆ ಬಳಿದರು.

"ನೋಡಿದೆಯಾ?" ಎಂದು ಬೀಗಿದ ಕಂಪ್ಯೂಟರ್ ಚಟ್ ಎಂದು ಆಫ್ ಆಯಿತು. ಆಮೇಲೆ ಏಳಲೇ ಇಲ್ಲ. ಹಾರ ಆಗಲೇ ಹಾಕಿದ್ದರಿಂದ, ಮುಂದಿನ ಕಾರ್ಯಕ್ಕೆ ಬೇರೆ ತರಬೇಕಾಗಲಿಲ್ಲ.