ಹೆಜ್ಜೇನು ಬಂಡೆಯ ಒಣ ಬಳ್ಳಿ

ಒಂದು ಕಾಡಿನಲ್ಲಿ ಗೋಡೆಯಂತೆ ನೆಟ್ಟಗೆ ನಿಂತ ದೊಡ್ಡ ಬಂಡೆಯಿತ್ತು. ಬಂಡೆಯ ತುಂಬ ಹೆಜ್ಜೇನಿನ ಹುಟ್ಟುಗಳು. ಆ ಜೇನಿನ ವ್ಯವಹಾರವೆಲ್ಲ ನುಣ್ಣಪ್ಪ ಎಂಬ ನರಿಯದು. ಹಾಗಂತ ನುಣ್ಣಪ್ಪ ಬಂಡೆ ಇಳಿಯುತ್ತಿದ್ದನೇ? ಛೆ, ಎಲ್ಲಾದರೂ ಉಂಟೇ! ಅವನು ನೆರಳಿನಲ್ಲಿ ಕೂತು ಕೆಲಸ ಹೇಳುತ್ತಿದ್ದ. ಇಳಿಯುತ್ತಿದ್ದವನು ಗುಡುಮ ಎಂಬ ಕರಡಿ. ಬಂಡೆಯ ನೆತ್ತಿಯ ಮರಕ್ಕೆ ಕಟ್ಟಿದ ಬಳ್ಳಿ ಹಿಡಿದು ಅವನು ಇಳಿಯುತ್ತಿದ್ದ, ಹುಟ್ಟು ಕಿತ್ತು ಕೆಳಗೆ ಬಿಡುತ್ತಿದ್ದ. ಕೂಲಿ ಎಂದು ಅವನಿಗೂ ಒಂದಿಷ್ಟು ಜೇನುತುಪ್ಪ ಸಿಗುತ್ತಿತ್ತು.

ಬಳ್ಳಿ ಹಳೆಯದಾಗಿ ಒಣಗಿತ್ತು.

"ಬಳ್ಳಿ ಬದಲಾಯಿಸಬೇಕು ನುಣ್ಣಪ್ಪನೋರೇ, ಸೀಳು ಬಿಟ್ಟಿದೆ" ಎಂದ ಗುಡುಮ.

"ಬದಲಾಯಿಸೋಣ ಗುಡುಮಣ್ಣ. ಆದ್ರೆ ಅದಕ್ಕೆ ಕೆಲಸ ನಿಲ್ಲಿಸಬೇಕಲ್ಲ? ಈ ಹುಣ್ಣಿಮೆ ಕಳೀಲಿ" ಎಂದ ನರಿ.

ಹುಣ್ಣಿಮೆ ಬರುವ ಮೊದಲೇ ಬಳ್ಳಿ ಪಟ್ಟೆಂದು ಹರಿಯಿತು. ಗುಡುಮ ದೊಪ್ಪನೆ ಕೆಳಗೆ ಬಿದ್ದ. ಅವನ ಬಲಗೈ ಮುರಿಯಿತು. ಹುತ್ತ ಬಗೆದು ಹೊಟ್ಟೆ ಹೊರೆಯುವ ಕರಡಿಗೆ ಬಲಗೈ ಹೋದರೆ ಬದುಕೇ ಹೋದಂತೆ.

ಆ ಕಾಡಿನಲ್ಲಿ ಒಂದು ಕಟ್ಟಳೆಯಿತ್ತು. ಇನ್ನೊಬ್ಬರ ಕೆಲಸ ಮಾಡುವಾಗ ಯಾರಿಗಾದರೂ ಪೆಟ್ಟಾದರೆ, ಗಾಯ ಹಸಿಯಾಗಿರುವಾಗಲೇ ಆನೆಯಜ್ಜಿಯ ಸಭೆಗೆ ಬಂದು ಹೇಳಬೇಕು. ಕೆಲಸ ಕೊಟ್ಟವನು ಗಾಯ ಮಾಯುವವರೆಗೂ ಅವರನ್ನು ಸಾಕಬೇಕು. ಮಾಯದಿದ್ದರೆ ಜೀವಮಾನವೆಲ್ಲ ಸಾಕಬೇಕು. ತಮ್ಮದೇ ತಪ್ಪಿನಿಂದ ಬಿದ್ದವರಿಗೆ ಮಾತ್ರ ಏನೂ ಇಲ್ಲ.

ನುಣ್ಣಪ್ಪನಿಗೆ ಇದು ಚೆನ್ನಾಗಿ ಗೊತ್ತಿತ್ತು. ಒಂದು ಸೋರೆಬುರುಡೆ ತುಂಬ ಜೇನುತುಪ್ಪ ಹೊತ್ತು ಗುಡುಮನ ಮನೆಗೆ ಓಡಿಬಂದ. ಗುಡುಮನ ತಲೆ ಸವರಿದ. ಕಣ್ಣಲ್ಲಿ ನೀರೂ ತಂದುಕೊಂಡ.

"ಅಯ್ಯೋ ಅಣ್ಣಾ, ನಿನಗೆ ನೋವಾದ್ರೆ ನನಗೇ ಆದ ಹಾಗೆ. ಆದ್ರೆ ಸಭೆಯಲ್ಲಿ ನನ್ನ ಹೆಸರು ಯಾಕೆ ಎತ್ತಬೇಕು? ನಾವೇನು ಬೇರೆಯವರಾ? ನಾನೇ ಕೈ ಜಾರಿ ಬಿದ್ದೆ ಅಂದುಬಿಡು. ನಾಳೆಯೇ ಹೊಸ ಬಳ್ಳಿ ತರಿಸ್ತೀನಿ. ನಿನ್ನನ್ನ ನಾನು ಕೈಬಿಡ್ತೀನಾ?"

ಗುಡುಮನದು ಬಲು ದಾಕ್ಷಿಣ್ಯದ ಸ್ವಭಾವ. ಮನೆ ಬಾಗಿಲಿಗೆ ಬಂದು ಕಣ್ಣೀರು ಹಾಕುವವನಿಗೆ ಮುಖ ಮುರಿದು ಹೇಳುವುದು ಅವನಿಂದ ಆಗಲಿಲ್ಲ. ಸಭೆಯಲ್ಲಿ ತಲೆ ತಗ್ಗಿಸಿ, "ನಾನೇ ಕೈ ಜಾರಿ ಬಿದ್ದೆ ಅಜ್ಜಿ" ಎಂದ.

"ನಿಜಾನಾ ಮಗಾ?" ಎಂದಳು ಆನೆಯಜ್ಜಿ.

"ನಿಜ" ಎಂದ ಗುಡುಮ. ಆ ಒಂದು ಮಾತು ಆಡದೆ ಇದ್ದಿದ್ದರೆ!

ನುಣ್ಣಪ್ಪ ಹೊಸ ಬಳ್ಳಿ ತರಿಸಲೇ ಇಲ್ಲ. ಹರಿದ ಬಳ್ಳಿಗೆ ಗಂಟು ಹಾಕಿ, ಗಂಟು ಕಾಣದಂತೆ ಮೇಲೆ ಮಣ್ಣು ಮೆತ್ತಿದ. ಕೆಲಸಕ್ಕೆ ಕೆಂಚಿ ಎಂಬ ಹೆಣ್ಣು ಮಂಗವನ್ನು ಕರೆತಂದ. ಅವಳ ಎದೆಗೆ ಒಂದು ಪುಟ್ಟ ಮರಿ ಅವಚಿಕೊಂಡಿತ್ತು. ಕೈ ಮುರಿದ ಗುಡುಮನಿಗೆ ಬಂಡೆಯ ಬುಡದಲ್ಲಿ ಕೂತು ಜೇನು ಕಾಯುವ ಕೆಲಸ ಕೊಟ್ಟ. ದಿನಕ್ಕೆ ನೆಕ್ಕುವಷ್ಟು ತುಪ್ಪ ಸಿಗುತ್ತಿತ್ತು.

ಕೆಂಚಿ ಮರಿಯನ್ನು ಗುಡುಮನ ಮಡಿಲಿಗಿಟ್ಟಳು. "ಗುಡುಮಣ್ಣ, ಬಳ್ಳಿ ಗಟ್ಟಿ ಇದೆಯಾ?" ಎಂದು ಕೇಳಿದಳು.

ಗುಡುಮ ಬಳ್ಳಿ ನೋಡಿದ. ಮೆತ್ತಿದ ಮಣ್ಣನ್ನೂ ನೋಡಿದ. ಪಕ್ಕದಲ್ಲೇ ನುಣ್ಣಪ್ಪ ನಗುತ್ತ ಕೂತಿದ್ದ. ಗುಡುಮ ಮಡಿಲಿನ ಮರಿಯ ಕಡೆ ಕಣ್ಣು ಇಳಿಸಿದ.

"ನುಣ್ಣಪ್ಪನೋರು ನೋಡಿರ್ತಾರೆ ಬಿಡಮ್ಮ" ಎಂದ.

ಕೆಂಚಿ ಬಂಡೆಯ ಹಿಂದಿನಿಂದ ನೆತ್ತಿಗೆ ಹೋಗಿ ಬಳ್ಳಿ ಹಿಡಿದು ಇಳಿದಳು. ಅರ್ಧ ದಾರಿಗೆ ಗಂಟು ಬಿಚ್ಚಿಕೊಂಡಿತು. ಬಳ್ಳಿಯ ಸಮೇತ ಅವಳು ಗುಡುಮನ ಕಣ್ಣೆದುರಿಗೇ ಬಿದ್ದಳು. ಸೊಂಟ ಮುರಿಯಿತು. ಮಡಿಲಿನಲ್ಲಿದ್ದ ಮರಿ ಕಿರುಚಿಕೊಂಡಿತು.

ಕಾಡಿನ ಪ್ರಾಣಿಗಳೆಲ್ಲ ಓಡಿಬಂದು ಕೆಂಚಿಯ ಸುತ್ತ ಸೇರಿದ್ದಾಗ ನುಣ್ಣಪ್ಪ ಬಿದ್ದ ಬಳ್ಳಿಯನ್ನು ಮೆಲ್ಲಗೆ ನೆತ್ತಿಗೆ ಎಳೆದೊಯ್ದ. ಮತ್ತೆ ಗಂಟು ಹಾಕಿ, ಮಣ್ಣು ಮೆತ್ತಿ, ಇದ್ದಲ್ಲಿಯೇ ಇಳಿಬಿಟ್ಟ. ಮರುದಿನ ಬಂಡೆಯ ಬುಡದಲ್ಲೇ ಸಭೆ ಸೇರಿತು. ಬಳ್ಳಿಯೇ ಕಳಚಿ ಬಿತ್ತು ಎಂದಳು ಕೆಂಚಿ.

"ಬಳ್ಳಿ ಅಲ್ಲೇ ತೂಗಾಡ್ತಿದೆ ನೋಡಿ ಅಜ್ಜಿ" ಎಂದ ನರಿ. "ಕೆಂಚಿ ತಾನೇ ಕೈಬಿಟ್ಟಳು. ಇದೇ ಬಳ್ಳಿಯಿಂದ ಗುಡುಮನೂ ಬಿದ್ದಿದ್ದ. ಬಳ್ಳಿಯ ತಪ್ಪಲ್ಲ ಅಂತ ಅವನ ಬಾಯಿಂದಲೇ ಕೇಳಿದ್ದೀರಲ್ಲ?"

ಗುಡುಮನಿಗೆ ನೆಲ ಬಾಯಿ ಬಿಟ್ಟರೆ ಸಾಕು ಎನ್ನಿಸಿತು. ತನ್ನ ಸುಳ್ಳನ್ನೇ ಹಿಡಿದು ನರಿ ಬಡಪಾಯಿ ಕೆಂಚಿಯ ಬಾಯಿ ಮುಚ್ಚಿಸುತ್ತಿದ್ದಾನೆ! ಅವನು ಎದ್ದು ನಿಂತ.

"ಅಜ್ಜಿ, ಆವತ್ತು ನಾನು ಸುಳ್ಳು ಹೇಳಿದೆ. ನನ್ನ ಕೈ ಜಾರಲಿಲ್ಲ. ಬಳ್ಳಿ ಹರಿಯಿತು. ನಿನ್ನೆ ಕೆಂಚಿಯೂ ಬಳ್ಳಿ ಸಮೇತವೇ ಬಿದ್ದಳು."

ನರಿ ನಕ್ಕ. "ಆವತ್ತೊಂದು, ಇವತ್ತೊಂದು! ಇವನ ಯಾವ ಮಾತು ನಂಬೋದು?"

ಸಭೆಯಲ್ಲಿ ಹಲವರು ಹೌದೆಂದು ತಲೆಯಾಡಿಸಿದರು. ಅದರಲ್ಲಿ ತಪ್ಪೇನಿದೆ? ಸುಳ್ಳು ಹೇಳಿದವನು ಗುಡುಮನೇ ತಾನೆ.

"ನನ್ನ ಮಾತು ನಂಬಬೇಡಿ" ಎಂದ ಗುಡುಮ. "ಬಳ್ಳಿ ಗಟ್ಟಿ ಇದೆಯಲ್ಲ, ನುಣ್ಣಪ್ಪನೋರೇ ಒಂದು ಸಲ ಹಿಡಿದು ಇಳಿದು ತೋರಿಸಲಿ."

ನುಣ್ಣಪ್ಪನ ನಗು ಹಾರಿಹೋಯಿತು. "ನನಗೆ... ಬೆಳಗ್ಗೆಯಿಂದ ಯಾಕೋ ತಲೆಸುತ್ತು" ಎಂದು ಎರಡು ಹೆಜ್ಜೆ ಹಿಂದೆ ಸರಿದ. ಆನೆಯಜ್ಜಿ ಸೊಂಡಿಲು ಚಾಚಿ ಬಳ್ಳಿಯನ್ನು ಮೆಲ್ಲಗೆ ಎಳೆದಳು. ಬಳ್ಳಿ ಬಂದು ನರಿಯ ಕಾಲ ಬುಡದಲ್ಲೇ ಬಿತ್ತು. ಮಣ್ಣು ಉದುರಿ, ಬಿಚ್ಚಿದ ಗಂಟು ಎಲ್ಲರಿಗೂ ಕಂಡಿತು.

"ಇನ್ನು ಜೇನಿನ ವ್ಯವಹಾರ ನಿನ್ನದಲ್ಲ" ಎಂದಳು ಅಜ್ಜಿ. "ಕೆಂಚಿ ಬದುಕಿರೋವರೆಗೂ ಅವಳಿಗೂ ಮರಿಗೂ ನೀನೇ ಬಿಸಿಲಲ್ಲಿ ಅಲೆದು ಹಣ್ಣು ತಂದುಕೊಡಬೇಕು." ನರಿ ಬಾಲ ಮುದುರಿಕೊಂಡು ಹಣ್ಣು ಹುಡುಕಲು ಹೊರಟ.

ಆಮೇಲೆ ಅಜ್ಜಿ ಗುಡುಮನ ಕಡೆ ತಿರುಗಿದಳು. "ನಿನ್ನ ಕೈಗೆ ನ್ಯಾಯ ಕೇಳುವ ಹೊತ್ತು ಮೀರಿತು ಮಗಾ. ಆವತ್ತೇ ಹೇಳಿದ್ದರೆ ನಿನಗೂ ಅನ್ನ ಸಿಗ್ತಿತ್ತು, ಇವಳ ಸೊಂಟವೂ ಉಳೀತಿತ್ತು."

ತನಗೂ ನ್ಯಾಯ ಬೇಕೆಂದು ಕೇಳುವ ಮುಖ ಗುಡುಮನಿಗೆಲ್ಲಿತ್ತು?

ಕೆಲವು ತಿಂಗಳು ಕಳೆದವು. ಒಂದು ಬೆಳಗ್ಗೆ ಕೆಂಚಿಯ ಮರಿ ಮೊದಲ ಸಲ ತಾನಾಗಿಯೇ ಮರ ಹತ್ತಿತು. ಕೊಂಬೆಯ ತುದಿಯಲ್ಲಿ ಕೂತು, "ಅಮ್ಮಾ, ಬಾ! ಮೇಲೆ ಬಾ!" ಎಂದು ಕೂಗಿತು.

ಕೆಂಚಿ ನೆಲದ ಮೇಲೆ ಕೂತೇ ತಲೆಯೆತ್ತಿ ನೋಡಿದಳು. "ನಾನು ಬರಲ್ಲ ಕಂದಾ. ನೀನು ಗಟ್ಟಿ ಹಿಡ್ಕೋ" ಎಂದಳು.

ತುಸು ದೂರದಲ್ಲಿದ್ದ ಗುಡುಮ ಮುಖ ತಿರುಗಿಸಿಕೊಂಡು ಅತ್ತ.

ನೀತಿ: ಕೆಲಸದಲ್ಲಿ ಆದ ಪೆಟ್ಟನ್ನು ದಾಕ್ಷಿಣ್ಯಕ್ಕೆ ಬಿದ್ದು ಮುಚ್ಚಿಡಬಾರದು, ಆಗಲೇ ನಿಜ ಹೇಳಿ ನ್ಯಾಯ ಕೇಳದಿದ್ದರೆ ನಮ್ಮ ಹಕ್ಕೂ ಹೋಗುತ್ತದೆ, ನಮ್ಮ ನಂತರ ಬರುವವರಿಗೂ ಅದೇ ಪೆಟ್ಟು ಕಾದಿರುತ್ತದೆ.