ಎಂಥ ಮರಿ, ಯಾವ ಮರಿ

ದೇವರ ದಯೆ, ಹಿಂಡು ಸಂಜೆಗೆ ಹಟ್ಟಿ ಸೇರಿತು. ದಣಿದ ತಾಯಿಕುರಿಯೊಂದು ಮರಿಗಳನ್ನು ಕೂಡಿದ್ದ ಗೂಡಿನ ಮುಂದೆ ನಿಂತು, ಅದರ ಮೇಲೆ ಕೂತಿದ್ದ ಕಾಗೆಗೆ, “ಕಾಗಣ್ಣ, ಕಾಲು ಸೋತಿವೆ. ನನ್ನ ಮರಿಯನ್ನು ಹಾಲಿಗೆ ಕೂಗಿ ಕರೆ” ಎಂದಿತು.

“ಎಂಥ ಮರಿ?”

“ಕಪ್ಪನೆಯದು, ಮೆತ್ತನೆಯದು, ಚೆಂದದ್ದು.”

ಕಾಗೆ ಹಾಗೆಯೇ ಕೂಗಿತು. ಗೂಡಿನ ಮರಿಗಳು ತಾವೇ ಅದೆಂದು ಕೆಚ್ಚಲಿಗೆ ನುಗ್ಗಿದವು.

ಮುದಿನಾಯಿ ಅವನ್ನು ಚದುರಿಸಿ ಹೇಳಿತು: “ಬಣ್ಣಿಸುವ ಮಾತು ಬೇರೆ, ತೋರಿಸುವ ಮಾತು ಬೇರೆ ಕಣವ್ವ. ಎಂಥದು ಅನ್ನೋದು ಸಾಕು. ಯಾವುದು ಹೇಳು, ಹಾಲು ಮುಗಿದೀತು.”

ಕುರಿ ಒಂದೊಂದನ್ನೇ ಮೂಸುತ್ತ ಹೋಗಿ, ಮೂಲೆಯಲ್ಲಿ ಏಳಲಾರದೆ ಮಲಗಿದ್ದ ಬಡಕಲು ಮರಿಯ ಮುಂದೆ ನಿಂತು, “ಇದು” ಎಂದಿತು.

“ಚೆಂದದ್ದು ಅಂದೆಯಲ್ಲ?” ಕಾಗೆ ಅಣಕಿಸಿತು.

“ಎಂಥದಾದರೂ ಇದು ನನ್ನದು” ಎಂದು ಕುರಿ ಹಾಲೂಡಿಸಿತು.

ಸ್ವಾಮೀ, ನಾವು ಎಂಥವರೆಂದು ಕೇಳದೆ ನಮ್ಮನ್ನೂ ಹೀಗೇ ಗುರುತಿಸು.