ಆರು ಬಾರಿ ಕೇಳಿದ ಶಾಸಕ

"ಗುರುಗಳೇ, ಪ್ರಶ್ನೆ ಕೇಳುವವನು ದೊಡ್ಡವನೋ, ಉತ್ತರ ಕೊಡುವವನು ದೊಡ್ಡವನೋ?" ಎಂದು ಶಿಷ್ಯ ಕೇಳಿದ.

"ಇದು ನಿನಗೆ ಯಾಕೆ ಬೇಕಾಯಿತು?" ಎಂದರು ಗುರುಗಳು.

"ನಾನೂ ಅಡುಗೆಯ ಮಲ್ಲೇಶಯ್ಯನೂ ಮೂರು ದಿನದಿಂದ ಇದನ್ನೇ ವಾದಿಸುತ್ತಿದ್ದೇವೆ. ಕೇಳುವವನಿಲ್ಲದೆ ಉತ್ತರವೇ ಹುಟ್ಟುವುದಿಲ್ಲ ಎಂದು ನಾನು. ಉತ್ತರವಿಲ್ಲದ ಪ್ರಶ್ನೆ ಬರೀ ಗದ್ದಲ ಎಂದು ಅವನು. ಇನ್ನೂ ತೀರ್ಮಾನವಾಗಿಲ್ಲ."

"ಮೂರು ದಿನದಿಂದ ಸಾರಿಗೆ ಉಪ್ಪು ಯಾಕಿಲ್ಲವೆಂದು ಈಗ ತಿಳಿಯಿತು. ಕುಳಿತುಕೋ, ಒಂದು ಕತೆ ಹೇಳುತ್ತೇನೆ."

ಶಿಷ್ಯ ಕುಳಿತ. ಗುರುಗಳು ಹೇಳತೊಡಗಿದರು.

ಒಂದು ರಾಜ್ಯದಲ್ಲಿ ಒಬ್ಬ ಶಾಸಕನಿದ್ದ. ಪ್ರಶ್ನೆ ಕೇಳುವುದೆಂದರೆ ಅವನಿಗೆ ಬಹಳ ಆಸೆ. ಸದನ ಸೇರುವ ದಿನ ಗೊತ್ತಾದ ಕೂಡಲೇ ಹೊಸ ಪೆನ್ನು ತರಿಸುತ್ತಿದ್ದ. ನಿಯಮದಲ್ಲಿ ಎಷ್ಟು ಪ್ರಶ್ನೆಗೆ ಅವಕಾಶವಿದೆಯೋ ಅಷ್ಟನ್ನೂ ಕೇಳುತ್ತಿದ್ದ, ಒಂದನ್ನೂ ಬಿಡುತ್ತಿರಲಿಲ್ಲ. ಅದರಲ್ಲೂ ಬರೆದು ಕೇಳುವುದೇ ಅವನಿಗೆ ಹಿತ. ಬಾಯಲ್ಲಿ ಕೇಳಿದರೆ ಎದ್ದು ನಿಲ್ಲಬೇಕು, ಮಂತ್ರಿ ಹೇಳುವುದನ್ನು ಕಿವಿಗೊಟ್ಟು ಕೇಳಿಸಿಕೊಳ್ಳಬೇಕು. ಬರೆದು ಕೇಳಿದರೆ ಆ ಕಷ್ಟವಿಲ್ಲ.

ಪ್ರಶ್ನೆಗಳೇನೋ ಒಳ್ಳೆಯವೇ ಆಗಿದ್ದವು. ಶಾಲೆಗೆ ಮೇಷ್ಟರು ಯಾಕಿಲ್ಲ, ಬಸ್ಸು ಯಾಕೆ ನಿಲ್ಲುವುದಿಲ್ಲ, ನೀರಿನ ಟ್ಯಾಂಕು ಯಾಕೆ ಸೋರುತ್ತದೆ ಎಂದು ಕೇಳುತ್ತಿದ್ದ. ಅತಿ ಹೆಚ್ಚು ಪ್ರಶ್ನೆ ಕೇಳಿದ ಶಾಸಕ ಎಂದು ಪತ್ರಿಕೆಯಲ್ಲಿ ಎರಡು ಸಲ ಅವನ ಚಿತ್ರ ಬಂದಿತು. ಜನ ಅವನನ್ನು ಪ್ರಶ್ನೆ ಸಾಹೇಬರು ಎಂದು ಕರೆಯತೊಡಗಿದರು. ಅವನಿಗೂ ಅದು ಇಷ್ಟವಾಗಿತ್ತು.

ಉತ್ತರಗಳು ಅಚ್ಚಾಗಿ ಬರುತ್ತಿದ್ದವು. ಹಾಳೆಯ ಎಡಗಡೆ ಶಾಸಕನ ಪ್ರಶ್ನೆ, ಬಲಗಡೆ ಮಂತ್ರಿಯ ಉತ್ತರ. ಶಾಸಕ ಮೇಲೆ ತನ್ನ ಹೆಸರು ಸರಿಯಾಗಿದೆಯೇ ಎಂದು ನೋಡುತ್ತಿದ್ದ. ಆಮೇಲೆ ಎಡಗಡೆಯನ್ನು ಮೊದಲಿಂದ ಕೊನೆಯವರೆಗೆ ಓದುತ್ತಿದ್ದ. "ಎಷ್ಟು ಚೆನ್ನಾಗಿ ಕೇಳಿದ್ದೇನೆ!" ಎಂದುಕೊಂಡು ಹಾಳೆಯನ್ನು ಫೈಲಿಗೆ ಸೇರಿಸುತ್ತಿದ್ದ. ಬಲಗಡೆಗೆ ಅವನ ಕಣ್ಣು ಹೋದದ್ದೇ ಇಲ್ಲ.

ಮಂತ್ರಿಯೂ ಅವನಿಗೆ ತಕ್ಕವನೇ. ಉತ್ತರದ ಕೆಳಗೆ ಸಹಿ ಹಾಕುವುದು ಅವನ ಕೆಲಸ, ಓದುವುದು ಅವನ ಕೆಲಸವಾಗಿರಲಿಲ್ಲ. ಬರೆಯುವವನು ಅವನ ಕಚೇರಿಯ ಒಬ್ಬ ಗುಮಾಸ್ತ. ಕೇಳಿದವನು ಓದುವುದಿಲ್ಲ, ಸಹಿ ಹಾಕುವವನೂ ಓದುವುದಿಲ್ಲ ಎಂದು ಆ ಗುಮಾಸ್ತನಿಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಅವನು ಧೈರ್ಯವಾಗಿ ಸತ್ಯವನ್ನೇ ಬರೆಯುತ್ತಿದ್ದ.

ಆ ಶಾಸಕನ ಕ್ಷೇತ್ರದ ಒಂದು ಹಳ್ಳಿಯಲ್ಲಿ ಸರ್ಕಾರ ಆಸ್ಪತ್ರೆ ಕಟ್ಟಿಸಿತು. ಗೋಡೆಗೆ ಸುಣ್ಣ ಬಣ್ಣವಾಯಿತು. ಹೆರಿಗೆ ಕೋಣೆಗೆ ಮಂಚ ಬಂತು. ನರ್ಸಮ್ಮನ ನೇಮಕವೂ ಆಯಿತು. ಆದರೆ ಬಾಗಿಲಿಗೆ ಹಾಕಿದ ಬೀಗ ತೆಗೆಯಲಿಲ್ಲ. ಒಂದು ವರ್ಷ ಕಳೆಯಿತು, ಎರಡನೆಯದೂ ಅರ್ಧವಾಯಿತು. ನರ್ಸಮ್ಮನನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಕೂರಿಸಿದರು. ಹಳ್ಳಿಯವರು ಹೋಗಿ ಅಧಿಕಾರಿಯನ್ನು ಕೇಳಿದರೆ, "ವಿಷಯ ಸದನದಲ್ಲಿದೆ. ನಿಮ್ಮ ಶಾಸಕರೇ ಪ್ರಶ್ನೆ ಹಾಕಿದ್ದಾರೆ. ಉತ್ತರ ಅಲ್ಲಿಂದಲೇ ಬರಬೇಕು, ನಾನು ಬಾಯಿ ಬಿಡುವ ಹಾಗಿಲ್ಲ" ಎನ್ನುತ್ತಿದ್ದ.

ಬಸುರಿಯರು ಹದಿನೆಂಟು ಕಿಲೋಮೀಟರು ದೂರದ ತಾಲ್ಲೂಕಿಗೆ ಲಗೇಜು ಆಟೋದಲ್ಲಿ ಹೋಗಬೇಕಿತ್ತು. ಕೆಲವರು ತಲುಪುತ್ತಿದ್ದರು. ಕೆಲವರಿಗೆ ದಾರಿಯಲ್ಲೇ ಹೆರಿಗೆಯಾಗುತ್ತಿತ್ತು.

ಆ ಹಳ್ಳಿಯಲ್ಲಿ ಒಬ್ಬ ಬಸುರಿ. ನೇತ್ರಾವತಿ ಎಂದಿಟ್ಟುಕೋ. ಅವಳ ಮೊದಲ ಮಗು ಹುಟ್ಟಿದ್ದು ಟೊಮೆಟೊ ಕ್ರೇಟುಗಳ ನಡುವೆ. ಡ್ರೈವರು ಹಿಂದಕ್ಕೆ ತಿರುಗಿ ನೋಡದೆ, "ಅಕ್ಕಾ, ಇನ್ನೊಂದು ಹತ್ತೇ ನಿಮಿಷ, ತಡ್ಕೊಳಕ್ಕಾ" ಎನ್ನುತ್ತಲೇ ಇದ್ದ. ಮಗು ತಡೆದುಕೊಳ್ಳಲಿಲ್ಲ. ತಾಯಿ ಮಗು ಇಬ್ಬರೂ ಉಳಿದದ್ದು ಅದೃಷ್ಟ. ಅದೃಷ್ಟ ಎರಡನೆಯ ಸಲವೂ ಅದೇ ಆಟೋ ಹತ್ತುತ್ತದೆ ಎಂದು ಅವಳಿಗೆ ನಂಬಿಕೆಯಿರಲಿಲ್ಲ. ಈಗ ಅವಳಿಗೆ ಒಂಬತ್ತು ತಿಂಗಳ ಹತ್ತಿರ. ಒಂದು ಬೆಳಿಗ್ಗೆ ನೇರವಾಗಿ ಶಾಸಕನ ಮನೆಗೆ ಹೋದಳು.

"ಅಣ್ಣಾ, ನಮ್ಮೂರ ಆಸ್ಪತ್ರೆ ಬಾಗಿಲು ಯಾವಾಗ ತೆಗೀತಾರೆ?"

"ಕೂತ್ಕೊಳಮ್ಮ. ನಾನೇನು ಸುಮ್ನೆ ಕೂತಿದ್ದೀನಿ ಅಂದ್ಕೊಂಡ್ಯಾ? ನಿಮ್ಮ ಆಸ್ಪತ್ರೆ ವಿಷಯ ಆರು ಸಲ ಕೇಳಿದ್ದೀನಿ. ಆರು ಸಲ! ಲಿಖಿತವಾಗಿ!"

"ಏನಂದ್ರು?"

"ಯಾರು?"

"ಕೇಳಿದ್ರಲ್ಲಣ್ಣ, ಅವರು."

"ಅವರು ಉತ್ತರ ಕೊಟ್ಟಿದ್ದಾರೆ."

"ಏನಂತ?"

ಶಾಸಕ ಸ್ವಲ್ಪ ಯೋಚಿಸಿದ. "ಲಿಖಿತವಾಗಿ" ಎಂದ.

ನೇತ್ರಾವತಿ ಅವನ ಮುಖ ನೋಡುತ್ತಲೇ ಇದ್ದಳು. ಶಾಸಕನಿಗೆ ಇರಿಸುಮುರಿಸಾಯಿತು. ತಾನು ಸುಳ್ಳು ಹೇಳುತ್ತಿಲ್ಲವೆಂದು ತೋರಿಸಲು ಫೈಲನ್ನೇ ತಂದು ಅವಳ ಕೈಗೆ ಕೊಟ್ಟ. ಅವಳು ಬೆಂಚಿನ ಮೇಲೆ ಕುಳಿತು ಹಾಳೆ ತಿರುವಿದಳು.

"ನಿಂಗೆ ಅರ್ಥ ಆಗಲ್ಲಮ್ಮ. ಅದು ಸರ್ಕಾರಿ ಕನ್ನಡ."

"ಕನ್ನಡ ತಾನೇ? ಹತ್ತನೇ ಕ್ಲಾಸಿನ ತನಕ ಓದಿದ್ದೀನಿ. ತಿಳೀದಿದ್ರೆ ಕೇಳ್ತೀನಿ ಬಿಡಿ."

ಅವಳು ಮೊದಲು ಎಡಗಡೆ ಓದಿದಳು, ಆಮೇಲೆ ಬಲಗಡೆ ಓದಿದಳು. ಸದರಿ ಆಸ್ಪತ್ರೆಯು ಪ್ರಾರಂಭವಾಗದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದೆ. ಬಂದಿದ್ದಲ್ಲಿ, ಕಟ್ಟಡದ ಕಾಮಗಾರಿ ಯಾವ ಹಂತದಲ್ಲಿದೆ? ಪೂರ್ಣಗೊಂಡಿದೆ. ಪೂರ್ಣಗೊಂಡಿದ್ದಲ್ಲಿ, ಇದುವರೆಗೂ ಬಾಗಿಲು ತೆರೆಯದಿರಲು ಕಾರಣಗಳೇನು? ಉದ್ಘಾಟನೆಗಾಗಿ ಮಾನ್ಯ ಶಾಸಕರ ದಿನಾಂಕವನ್ನು ಕೋರಲಾಗಿದೆ. ದಿನಾಂಕ ನೀಡಿದ ಕೂಡಲೇ ತೆರೆಯಲಾಗುವುದು.

ಎರಡನೆಯ ಹಾಳೆಯಲ್ಲೂ ಅದೇ ಇತ್ತು. ಮೂರನೆಯದರಲ್ಲೂ ಅದೇ. ಆರನೆಯದರಲ್ಲಿ ಮಾತ್ರ ಗುಮಾಸ್ತ ಒಂದು ಸಾಲು ಸೇರಿಸಿದ್ದ. ಇದೇ ಉತ್ತರವನ್ನು ಈಗಾಗಲೇ ಐದು ಬಾರಿ ಒದಗಿಸಲಾಗಿದ್ದು, ಮಾನ್ಯ ಶಾಸಕರು ಬಲಭಾಗವನ್ನೂ ದಯಮಾಡಿ ಅವಗಾಹಿಸಬೇಕೆಂದು ಕೋರಿದೆ.

ನೇತ್ರಾವತಿ ತಲೆ ಎತ್ತಿದಳು.

"ಅಣ್ಣಾ, ಮಾನ್ಯ ಶಾಸಕರು ಅಂದ್ರೆ ಯಾರು?"

"ಇದೇನಮ್ಮ ಹೀಗೆ ಕೇಳ್ತೀಯ? ನಾನೇ."

"ಹಂಗಾದ್ರೆ ಅವರು ಒಂದೂವರೆ ವರ್ಷದಿಂದ ನಿಮ್ಮನ್ನೇ ಕೇಳ್ತಿದ್ದಾರೆ."

ಶಾಸಕ ಹಾಳೆಯನ್ನು ಕಿತ್ತುಕೊಂಡ. ಜೀವನದಲ್ಲಿ ಮೊದಲ ಬಾರಿಗೆ ಬಲಗಡೆ ಓದಿದ. ಅವನ ಕಿವಿ ಕೆಂಪಾಯಿತು. ಕೂಡಲೇ ಪೆನ್ನು ತೆಗೆದು, ಹೊಸ ಹಾಳೆಯ ಮೇಲೆ ಬರೆಯತೊಡಗಿದ.

"ತಾರೀಖು ಬರೀತಿದ್ದೀರಾ ಅಣ್ಣಾ?"

"ಇಲ್ಲಮ್ಮ. ದಿನಾಂಕ ಬೇಕು ಅಂತ ನನಗೆ ಬೇರೆಯಾಗಿ ಯಾಕೆ ತಿಳಿಸಲಿಲ್ಲ? ಇದನ್ನು ಬಿಡೋದಿಲ್ಲ ನಾನು. ಈ ಸಲದ ಅಧಿವೇಶನದಲ್ಲಿ ಮೊದಲನೇ ಪ್ರಶ್ನೆ ಇದೇ!"

ನೇತ್ರಾವತಿ ಎದ್ದು ಬಂದು ಹಾಳೆಯ ಮೇಲೆ ಕೈಯಿಟ್ಟಳು.

"ಪ್ರಶ್ನೆ ಆಮೇಲೆ ಕೇಳುವಿರಂತೆ. ಮೊದ್ಲು ಇವರು ಕೇಳಿರೋದಕ್ಕೆ ಉತ್ತರ ಬರೀರಿ."

"ಅಷ್ಟು ಸುಲಭ ಅಲ್ಲಮ್ಮ. ಮಂತ್ರಿಗಳು ಬರಬೇಕು. ಕಲ್ಲಿನ ಮೇಲೆ ಹೆಸರು ಕೆತ್ತಿಸಬೇಕು. ಶಾಮಿಯಾನ ಆಗಬೇಕು. ಅದೂ ಅಲ್ದೆ ಈಗ ಆಷಾಢ. ಶ್ರಾವಣ ಹುಟ್ಟಲಿ, ಒಳ್ಳೆ ದಿನ ನೋಡೋಣ."

"ಆಷಾಢ ಅಂತ ನನ್ನ ಮಗು ಒಳಗೇ ಕೂತಿರುತ್ತಾ ಅಣ್ಣಾ? ಅದಕ್ಕೆ ಡಾಕ್ಟರು ಕೊಟ್ಟಿರೋ ತಾರೀಖು ಇಪ್ಪತ್ತೆರಡು. ನಿಮ್ದು ಯಾವತ್ತು ಹೇಳಿ. ನಿಮ್ದು ಮುಂಚೆ ಬಂದ್ರೆ ಆಸ್ಪತ್ರೇಲಿ ಹೆರ್ತೀನಿ. ನನ್ದು ಮುಂಚೆ ಬಂದ್ರೆ ಇದೇ ಬೆಂಚಿನ ಮೇಲೆ ಬಂದು ಮಲಗ್ತೀನಿ. ಹದಿನೆಂಟು ಕಿಲೋಮೀಟರಿಗಿಂತ ನಿಮ್ಮನೆ ಹತ್ರ."

ಶಾಸಕ ಬೆಂಚನ್ನು ನೋಡಿದ. ಅವಳನ್ನು ನೋಡಿದ. ಹೇಳಿದ್ದನ್ನು ಮಾಡುವವಳ ಹಾಗೆ ಕಂಡಳು. ಹದಿನೈದನೆಯ ತಾರೀಖು ಎಂದು ಬರೆದು ಸಹಿ ಹಾಕಿದ. ಅವಳು ಆ ಕಾಗದವನ್ನು ಅವನ ಕೈಯಲ್ಲಿ ಬಿಡಲಿಲ್ಲ. ತಾನೇ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿಸಿ ರಸೀದಿ ಇಟ್ಟುಕೊಂಡಳು.

ಕಾಗದ ಮಂತ್ರಿಯ ಕಚೇರಿ ತಲುಪಿತು. ಗುಮಾಸ್ತ ಅದನ್ನು ಒಡೆದು ನೋಡಿದ. ನಂಬಿಕೆ ಬಾರದೆ ಇನ್ನೊಮ್ಮೆ ನೋಡಿದ. ಎದ್ದು ಓಡಿದ.

"ಸಾರ್, ಓದಿಬಿಟ್ಟಿದ್ದಾರೆ!"

"ಯಾರಯ್ಯಾ? ಏನನ್ನ?"

"ನಾವು ಕೊಟ್ಟ ಉತ್ತರಾನ, ಸಾರ್."

ಮಂತ್ರಿ ಕುರ್ಚಿಯಿಂದ ಅರ್ಧ ಎದ್ದ. "ಬೇರೆ ಉತ್ತರಗಳಲ್ಲಿ ಏನೇನು ಬರೆದಿದ್ದೀಯಪ್ಪಾ?" ಎಂದು ಕೇಳಿದ. ಅಂದಿನಿಂದ ಮಂತ್ರಿ ಓದಿ ಸಹಿ ಹಾಕತೊಡಗಿದ. ಗುಮಾಸ್ತನ ಉತ್ತರಗಳೂ ಅಂದಿನಿಂದ ಗಿಡ್ಡವಾದವು.

ಹದಿನೈದನೆಯ ತಾರೀಖು ಬಂತು. ಶಾಮಿಯಾನ ಹಾಕಿದ್ದರು. ಶಾಸಕನೂ ಮಂತ್ರಿಯೂ ಒಂದೇ ಕತ್ತರಿ ಹಿಡಿದು ಟೇಪು ಕತ್ತರಿಸಿದರು. ಬಾಗಿಲು ತೆರೆಯಿತು. ಇಬ್ಬರೂ ಒಳಗೆ ಒಂದು ಹೆಜ್ಜೆ ಇಟ್ಟು, ಚಿತ್ರ ತೆಗೆಸಿಕೊಂಡು, ಹೊರಗೆ ಬಂದು ವೇದಿಕೆ ಹತ್ತಿದರು.

ಶಾಸಕ ಮೈಕು ಹಿಡಿದ. "ಈ ಆಸ್ಪತ್ರೆ ನನ್ನ ಆರು ಪ್ರಶ್ನೆಗಳ ಫಲ. ನಾನು ಕೇಳದೆ ಇದ್ದಿದ್ದರೆ ಈ ಬಾಗಿಲು ತೆರೆಯುತ್ತಿತ್ತೇ?" ಎಂದ. ಜನ ಚಪ್ಪಾಳೆ ತಟ್ಟಿದರು.

ಮಂತ್ರಿ ಮೈಕು ತೆಗೆದುಕೊಂಡ. "ಪ್ರಶ್ನೆ ಯಾರು ಬೇಕಾದರೂ ಕೇಳುತ್ತಾರೆ. ಆರಕ್ಕೆ ಆರೂ ಉತ್ತರ ಕೊಟ್ಟವನು ನಾನು" ಎಂದ. ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ಕುಳಿತವರಿಗೆ ಉಪ್ಪಿಟ್ಟು ಕೇಸರಿಬಾತು ಕೊಡುತ್ತಾರೆಂದು ಮೊದಲೇ ಹೇಳಿದ್ದರು.

ಶಾಸಕ ಮತ್ತೆ ಮೈಕು ಕೇಳಿದ. ಮಂತ್ರಿ ಕೊಡಲಿಲ್ಲ. ಕೇಳುವುದು ದೊಡ್ಡದು ಎಂದು ಒಬ್ಬ, ಉತ್ತರಿಸುವುದು ದೊಡ್ಡದು ಎಂದು ಇನ್ನೊಬ್ಬ. ಉಪ್ಪಿಟ್ಟು ಆರಿಹೋಯಿತು, ವಾದ ಮುಗಿಯಲಿಲ್ಲ.

ನೇತ್ರಾವತಿ ಶಾಮಿಯಾನದಲ್ಲಿ ಇರಲಿಲ್ಲ. ಟೇಪು ಬಿದ್ದ ಕೂಡಲೇ ಒಳಗೆ ಹೋಗಿದ್ದಳು. ಮಂಚವನ್ನು ಅಲ್ಲಾಡಿಸಿ ನೋಡಿದಳು. ದೀಪದ ಸ್ವಿಚ್ಚು ಒತ್ತಿ ನೋಡಿದಳು. ನರ್ಸಮ್ಮ ಬಂದಿದ್ದಾರೆಯೇ, ರಾತ್ರಿಯೂ ಇರುತ್ತಾರೆಯೇ ಎಂದು ವಿಚಾರಿಸಿದಳು. "ಇರ್ತೀನಿ ಕಣೇ ತಾಯಿ, ಎಷ್ಟು ಸಲ ಕೇಳ್ತೀಯ?" ಎಂದರು ನರ್ಸಮ್ಮ. ಆಮೇಲೆ ಹೆರಿಗೆ ಕೋಣೆಯ ಮೂಲೆಗೆ ಹೋಗಿ ನಲ್ಲಿ ತಿರುಗಿಸಿದಳು. ನಲ್ಲಿ ಒಂದಷ್ಟು ಹೊತ್ತು ಬುಸುಗುಟ್ಟಿತು. ಕೆಂಪು ನೀರು ಬಂತು. ಅವಳು ಬಿಡದೆ ಕಾದಳು. ಆಮೇಲೆ ತಿಳಿ ನೀರು ಬಂತು.

ಗುರುಗಳು ಕತೆ ನಿಲ್ಲಿಸಿದರು.

"ಮಗು?" ಎಂದು ಶಿಷ್ಯ ಕೇಳಿದ.

"ಇಪ್ಪತ್ತೆರಡಕ್ಕೆ ಬರಬೇಕಾದದ್ದು ಹತ್ತೊಂಬತ್ತಕ್ಕೇ ಬಂತು. ಹೆಣ್ಣು. ಆ ಕೋಣೆಯಲ್ಲಿ ಹುಟ್ಟಿದ ಮೊದಲ ಮಗು. ಗಂಟಲು ಜೋರಾಗಿತ್ತಂತೆ. ನರ್ಸಮ್ಮ ಬೆಚ್ಚಗಿನ ಬಟ್ಟೆಯಲ್ಲಿ ಸುತ್ತಿ ತಾಯಿಯ ಪಕ್ಕ ಮಲಗಿಸಿದರು. ಇಬ್ಬರೂ ಚೆನ್ನಾಗಿದ್ದಾರೆ."

ಶಿಷ್ಯನ ಮುಖ ಅರಳಿತು. ಅವನು ಎದ್ದು ಕೈಮುಗಿದ.

"ತಿಳಿಯಿತು ಗುರುಗಳೇ. ಈಗಲೇ ಹೋಗಿ ಮಲ್ಲೇಶಯ್ಯನ ಬಾಯಿ ಮುಚ್ಚಿಸುತ್ತೇನೆ. ಕೇಳಿದವನೂ ದೊಡ್ಡವನಲ್ಲ, ಉತ್ತರಿಸಿದವನೂ ದೊಡ್ಡವನಲ್ಲ. ಉತ್ತರವನ್ನು ಓದಿದ ನೇತ್ರಾವತಿಯೇ ಎಲ್ಲರಿಗಿಂತ ದೊಡ್ಡವಳು. ಅಲ್ಲವೇ?"

ಗುರುಗಳು ಒಂದೇ ಮಾತು ಹೇಳಿದರು.

"ಯಾರು ದೊಡ್ಡವರು ಎಂಬ ಮಾತು ನಡೆದದ್ದು ವೇದಿಕೆಯ ಮೇಲೆ ಕಣಪ್ಪ, ಅವಳು ಒಳಗೆ ನಲ್ಲಿ ನೋಡುತ್ತಿದ್ದಳು."